ಅಪ್ಪನ ಎಫ್‌ಡಿ, ಅಮ್ಮನ ನಾಲ್ಕು ಟ್ರಿಪ್ಪು: ಗೊತ್ತಿದ್ದವರು ಹೇಳಿ

ಭರಮಸಾಗರದಿಂದ, ಕೇಳಿದವರು

ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಚಿತ್ರದುರ್ಗದ ಒಂದು ಬ್ಯಾಂಕಿನಲ್ಲಿ ಅವರ ಎಫ್‌ಡಿ ಇದೆ. ನಾಮಿನಿ ಅಮ್ಮ. ಅಮ್ಮನನ್ನು ಕರೆದುಕೊಂಡು ನಾಲ್ಕು ಸಲ ಹೋಗಿಬಂದೆ. ಮೊದಲ ಸಲ ಮರಣ ಪ್ರಮಾಣಪತ್ರದ ಜೆರಾಕ್ಸ್ ಸಾಲದು, ಒರಿಜಿನಲ್ ತನ್ನಿ ಅಂದರು. ಎರಡನೇ ಸಲ ಆ ಸೀಟಿನವರು ರಜಾ. ಮೂರನೇ ಸಲ ಸರ್ವರ್ ಇಲ್ಲ. ನಾಲ್ಕನೇ ಸಲ, ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ವಾರಸುದಾರರು ಯಾರು ಅನ್ನೋ ಪ್ರಮಾಣಪತ್ರ, ತನ್ನಿ ಅಂದರು. ಅಮ್ಮನಿಗೆ 72 ವರ್ಷ, ಮಂಡಿನೋವು. ಬ್ಯಾಂಕು ಇರೋದು ಮೊದಲ ಮಹಡಿಯಲ್ಲಿ. ಯಾರಾದರೂ ಇದನ್ನು ದಾಟಿ ಬಂದಿದ್ದೀರಾ?

ದಾವಣಗೆರೆ, ವಿದ್ಯಾನಗರ

ದಾಟಿ ಬಂದಿದ್ದೇನೆ, ಏಳನೇ ಟ್ರಿಪ್ಪಿಗೆ. ನಮ್ಮ ಯಜಮಾನರ ಖಾತೆ ಹರಿಹರದಲ್ಲಿತ್ತು. ಆರು ಸಲವೂ ಬರೀ ಬಾಯಲ್ಲಿ ಮಾತಾಡಿ ಬಂದಿದ್ದೇ ನಾನು ಮಾಡಿದ ತಪ್ಪು. ಆರನೇ ಸಲ ಆ ಆಫೀಸರ್ "ನೀವು ಮೊದಲು ಬಂದಿದ್ರಾ?" ಅಂತ ಕೇಳಿದರು. ನನ್ನ ಹತ್ತಿರ ಬಸ್ ಟಿಕೆಟ್ ಬಿಟ್ಟರೆ ಏನೂ ಸಾಕ್ಷಿ ಇರಲಿಲ್ಲ.

ಏಳನೇ ಸಲ ಮನೆಯಲ್ಲೇ ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದೆ. ಇಂಥ ಖಾತೆ, ಕ್ಲೇಮ್ ಫಾರಂ ಜೊತೆ ಇಂಥಿಂಥ ಕಾಗದ ಕೊಟ್ಟಿದ್ದೇನೆ, ಇನ್ನೇನಾದರೂ ಬೇಕಿದ್ದರೆ ದಯವಿಟ್ಟು ಬರೆದು ತಿಳಿಸಿ, ಅಷ್ಟೇ. ಎರಡು ಪ್ರತಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಕೇಳಿದೆ. ಕೌಂಟರಿನ ಹುಡುಗ ಸೀಲನ್ನು ಇಂಕ್ ಪ್ಯಾಡಿಗೆ ಒತ್ತಿದ. ಹಾಳೆಯ ಹತ್ತಿರ ತಂದವನು ಒಂದು ಸಲ ಓದಿದ, ಕೈ ಅಲ್ಲೇ ನಿಂತಿತು. ಸೀಲನ್ನು ಕೆಳಗಿಟ್ಟು ಮ್ಯಾನೇಜರ್ ಕ್ಯಾಬಿನ್ನಿಗೆ ಹೋದ. ಐದು ನಿಮಿಷಕ್ಕೆ ಮ್ಯಾನೇಜರೇ ಹೊರಗೆ ಬಂದು "ಕೂತ್ಕೊಳ್ಳಿ ಮೇಡಂ" ಅಂದರು. ಅಷ್ಟು ಟ್ರಿಪ್ಪಿನಲ್ಲಿ ಕುರ್ಚಿ ಸಿಕ್ಕಿದ್ದು ಅವತ್ತೇ! ಹತ್ತು ದಿನಕ್ಕೆ ದುಡ್ಡು ನನ್ನ ಖಾತೆಗೆ ಬಂತು.

ಚಿತ್ರದುರ್ಗ, ನಿವೃತ್ತ ಬ್ಯಾಂಕ್ ನೌಕರ

ತಮ್ಮಾ, ನಾಮಿನಿ ಇದ್ದಾರೆ ಅಂದಮೇಲೆ ಸಕ್ಸೆಷನ್ ಸರ್ಟಿಫಿಕೇಟ್ ಕೇಳುವ ಹಾಗೇ ಇಲ್ಲ. ರಿಸರ್ವ್ ಬ್ಯಾಂಕು 2005ರಲ್ಲೇ ಇದನ್ನು ಹೇಳಿದೆ. ಕಾಗದ ಎಲ್ಲ ಸರಿಯಾಗಿ ಕೊಟ್ಟ 15 ದಿನದೊಳಗೆ ಮುಗಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿರ್ದೇಶನದಲ್ಲೂ ಅದೇ 15 ದಿನ. ಬ್ಯಾಂಕಿನ ಕಡೆಯಿಂದ ತಡವಾದರೆ ಬಡ್ಡಿ ಕಟ್ಟಿಕೊಡಬೇಕು. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಅಮ್ಮನ ಆಧಾರ್ ಥರದ ಗುರುತಿನ ಕಾಗದ, ಮುಖ್ಯವಾಗಿ ಬೇಕಾಗೋದು ಇಷ್ಟೇ. ಅವಧಿಗೆ ಮುಂಚೆ ಎಫ್‌ಡಿ ಮುರಿಸಿದರೂ ದಂಡ ಹಿಡಿಯುವಂತಿಲ್ಲ.

ಆದರೆ ನಾಮಿನಿ ಅಂದರೆ ಆ ದುಡ್ಡಿಗೆ ಪೂರ್ತಿ ಒಡತಿ ಅಂತಲ್ಲ. ವಾರಸುದಾರರ ಪರವಾಗಿ ಪಡೆದುಕೊಳ್ಳುವವರು. ಪಾಲಿನ ಮಾತು ಮನೆಯಲ್ಲಿ ಕೂತು ಆಡಿಕೊಳ್ಳಿ, ಕೌಂಟರಿನ ಮುಂದೆ ಬೇಡ. ಅಲ್ಲಿ ಅಣ್ಣತಮ್ಮಂದಿರು ಜಗಳ ತೆಗೆದರೆ ಫೈಲು ಅಲ್ಲೇ ಮಲಗುತ್ತದೆ.

ನಮ್ಮವರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ, ಬೈಬೇಡಿ. ಸಣ್ಣ ಬ್ರಾಂಚಿನಲ್ಲಿ ಇಂಥ ಕ್ಲೇಮು ಅಪರೂಪ. ಕೂತವರಿಗೆ ನಿಯಮ ಗೊತ್ತಿರಲ್ಲ, ತಪ್ಪಾದರೆ ನನ್ನ ತಲೆಗೆ ಬರುತ್ತೆ ಅನ್ನೋ ಭಯ. ಅದಕ್ಕೇ ಇನ್ನೊಂದು ಕಾಗದ ಕೇಳ್ತಾರೆ. ನಾನೂ ಕೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ. ನಮ್ಮ ಕಡೆ ಎಫ್‌ಡಿ ಬಾಂಡಿನಲ್ಲಿ ತೀರಿಹೋದವರ ಹೆಸರಿನ ಕೊನೆಗೆ 'ಪ್ಪ' ಇರುತ್ತೆ, ಆಧಾರ್‌ನಲ್ಲಿ ಇರಲ್ಲ. ಮರಣ ಪ್ರಮಾಣಪತ್ರದಲ್ಲಿ ಮೂರನೇ ಥರ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಎಲ್ಲ ಹೆಸರೂ ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಕೊಂಡರೆ ಒಂದು ಟ್ರಿಪ್ಪು ಉಳಿಯುತ್ತೆ.

ಇನ್ನು 70 ದಾಟಿದವರ ಕೆವೈಸಿ, ಅಂದರೆ ಗುರುತು-ವಿಳಾಸದ ಕಾಗದವನ್ನು ಮನೆಯಲ್ಲೇ ಪಡೆಯೋ ವ್ಯವಸ್ಥೆ ಮಾಡಿ ಅಂತ 2017ರಲ್ಲೇ ಬ್ಯಾಂಕುಗಳಿಗೆ ಸೂಚನೆ ಇದೆ. ಅಮ್ಮನ ವಯಸ್ಸು, ಮಂಡಿನೋವು ಎರಡನ್ನೂ ಪತ್ರದಲ್ಲಿ ಬರೆಯಿರಿ.

ದಾವಣಗೆರೆ, ಮಂಡಕ್ಕಿ ಮಿರ್ಚಿ ಅಂಗಡಿ

ನಂದು ಬೇರೆ ಗೋಳು, ಆದರೆ ಕೌಂಟರ್ ಅದೇ. ನಮ್ಮ ಗಲ್ಲಾದಲ್ಲಿ ಎಣ್ಣೆ ಹತ್ತಿದ ನೋಟು ಜಾಸ್ತಿ. ಬ್ಯಾಂಕಿಗೆ ಹೋದರೆ ಕ್ಯಾಷಿಯರ್ ಎರಡು ಬೆರಳಲ್ಲಿ ಹಿಡಿದು ವಾಪಸ್ ತಳ್ಳುತ್ತಿದ್ದ. ದಿನಕ್ಕೆ 20 ನೋಟು, ಒಟ್ಟು 5,000 ರೂಪಾಯಿವರೆಗೆ ಕೊಳೆ ನೋಟನ್ನು ಕೌಂಟರಿನಲ್ಲೇ ಪುಕ್ಕಟೆ ಬದಲಿಸಿಕೊಡಬೇಕು ಅಂತ ಗೊತ್ತಾದ ಮೇಲೆ, "ಆಗಲ್ಲ ಅಂತ ಬರೆದುಕೊಡಿ ಸಾರ್" ಅಂದೆ. ಬರೆದುಕೊಡಲಿಲ್ಲ, ನೋಟು ಕೊಟ್ಟರು. ಸೋಮವಾರ, ತಿಂಗಳ ಮೊದಲ ವಾರ ಮಾತ್ರ ಹೋಗಬೇಡಿ ಅಣ್ಣ. ಪೆನ್ಷನ್ ರಷ್ಷು.

ಚಳ್ಳಕೆರೆ

ಎಲ್ಲರಿಗೂ ಕುರ್ಚಿ ಸಿಗಲ್ಲ ಅಕ್ಕ. ನನಗೆ ಸೀಲೇ ಹಾಕಲಿಲ್ಲ. ನಾನು ಕೂಗಾಡಿದೆ, ಗಾರ್ಡ್ ಬಂದ, ಕ್ಯೂನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಕೆಲಸ ಮಾತ್ರ ಆಗಲಿಲ್ಲ. ಆಮೇಲೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ. 30 ದಿನ ಕಾದೆ, ಉತ್ತರ ಇಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಟ್ಟೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಬ್ಯಾಂಕಿಗೆ ಮೊದಲು ಯಾವ ತಾರೀಖು ದೂರು ಕೊಟ್ಟಿರಿ ಅನ್ನೋದು ಅಲ್ಲಿ ಬೇಕೇ ಬೇಕು. ಆ ರಸೀದಿ ಇಲ್ಲದಿದ್ದರೆ ನಾನು ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು.

ಹೊಳಲ್ಕೆರೆ

ಅಪ್ಪನ ಬೀರುವಿನಲ್ಲಿ ಹಳೇ ಪಾಸ್‌ಬುಕ್ ಇದ್ದರೆ ಎಸೆಯಬೇಡಿ. ನಮ್ಮ ತಾತನದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನದು, ಆ ಬ್ಯಾಂಕು 2017ರಲ್ಲೇ ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕಿನದಾದರೆ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟಿನದಾದರೆ ಕೆನರಾದಲ್ಲಿ ಕೇಳಿ. ಬೋರ್ಡು ಬದಲಾಗಿದೆ, ದುಡ್ಡು ಎಲ್ಲೂ ಹೋಗಿರಲ್ಲ.

ಭರಮಸಾಗರದಿಂದ, ಕೇಳಿದವರು

ಇವತ್ತು ನಾನೊಬ್ಬನೇ ಹೋಗಿದ್ದೆ, ಅಮ್ಮನ ಸಹಿ ಹಾಕಿಸಿದ ಪತ್ರ ಹಿಡಿದು. ಸಕ್ಸೆಷನ್ ಸರ್ಟಿಫಿಕೇಟ್ ಬೇಕು ಅಂತ ಬರೆದುಕೊಡಿ ಅಂದೆ. ಒಳಗೆ ಹೋಗಿ ಬಂದು, "ಅದೇನೂ ಬೇಡ ಬಿಡಿ" ಅಂದರು. ಸೀಲು ಬಿತ್ತು, ಸ್ವಲ್ಪ ಮಸುಕಾಗಿದೆ, ತಾರೀಖು ಮಾತ್ರ ಕಾಣುತ್ತೆ. ಕಾಕಾ ಹೇಳಿದ ಹಾಗೆ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಆಧಾರ್‌ನಲ್ಲಿ 'ಪ್ಪ' ಇಲ್ಲ. ನಾಳೆ ಬೆಳಿಗ್ಗೆ ನೋಟರಿ ಹತ್ತಿರ ಹೋಗುತ್ತಿದ್ದೇನೆ.