ತಾಯಿಗೆ ಲೂಪಸ್ ಇದ್ದರೆ ಮಗಳಿಗೆ ಎಎನ್‌ಎ ಟೆಸ್ಟ್ ಮಾಡಿಸಬೇಕಾ?

ಹೊಂಗೆನೆರಳು:
ಅಕ್ಕನಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿ ಬೀಳುವ ಕಾಯಿಲೆ) ಇದೆ, ಸದ್ಯ ಹತೋಟಿಯಲ್ಲಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಮೈಕೋಫಿನೋಲೇಟ್ ತಗೊಳ್ತಿದ್ದಾಳೆ. 7 ವರ್ಷದ ಮಗಳು ಆರೋಗ್ಯವಾಗಿದ್ದಾಳೆ. ಅವಳಿಗೂ ಎಎನ್‌ಎ (ಸ್ವಂತ ಜೀವಕೋಶಗಳ ವಿರುದ್ಧದ ಆ್ಯಂಟಿಬಾಡಿ ಹುಡುಕುವ ರಕ್ತ ಪರೀಕ್ಷೆ) ಮಾಡಿಸಿಬಿಡಿ ಅಂತ ಮನೆಯಲ್ಲಿ ಒತ್ತಾಯ. ಎರಡನೇ ಮಗುವಿನ ಯೋಚನೆಯೂ ಇದೆ. ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟು?

ಕೀಲುಮಾತು:
ಮಗಳಿಗೆ ಟೆಸ್ಟ್ ಬೇಡ. ಏನೂ ತೊಂದರೆ ಇಲ್ಲದವರಲ್ಲೂ 100ಕ್ಕೆ ಸುಮಾರು 5 ಜನರಿಗೆ 1:160ರಲ್ಲಿ (ಸ್ಯಾಂಪಲ್ ಅನ್ನು 160 ಪಟ್ಟು ತೆಳುಮಾಡಿದಾಗಲೂ) ಎಎನ್‌ಎ ಪಾಸಿಟಿವ್ ಬರುತ್ತೆ, ಲೂಪಸ್ ಇರುವವರ ಮನೆಯಲ್ಲಿ ಇನ್ನೂ ಹೆಚ್ಚು. ಬಂದರೆ ಔಷಧಿಯೂ ಇಲ್ಲ, ನೆಮ್ಮದಿಯೂ ಇಲ್ಲ.

ತಾಯಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 5ರ ಆಸುಪಾಸು. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರೋದು ನಾಲ್ಕರಲ್ಲಿ ಒಂದು ಜೋಡಿಗೆ ಅಷ್ಟೇ.

ಟೆಸ್ಟ್ ಬದಲು ಕಣ್ಣಿಟ್ಟಿರಿ, ಅದರಲ್ಲೂ ಹತ್ತು ದಾಟಿದ ಮೇಲೆ. ಕಾರಣ ಸಿಗದ ಜ್ವರ, ಬೆಳಿಗ್ಗೆ ಬೆರಳು ಮಡಚಲಾಗದ ಬಿಗಿತ, ಅಂಗುಳಲ್ಲಿ ನೋವಿಲ್ಲದ ಹುಣ್ಣು. ಕೆನ್ನೆಯ ಕೆಂಪು ಮೂಗಿನ ಮೇಲೆ ಹಾದು ಹೋದರೂ ಮೂಗಿನ ಪಕ್ಕದ ಗೆರೆಯನ್ನು ಸಾಮಾನ್ಯವಾಗಿ ಬಿಟ್ಟಿರುತ್ತೆ. ಮಕ್ಕಳಲ್ಲಿ ಕಿಡ್ನಿಗೆ ತಗಲೋದು ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಬೆಳಿಗ್ಗೆ ರೆಪ್ಪೆ ಊದಿದ್ದರೆ, ಮೂತ್ರದ ನೊರೆ ಬೇಗ ಕರಗದಿದ್ದರೆ ಕಾಯಬೇಡಿ. ಆಗ ಸಿಬಿಸಿ, ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ಎಎನ್‌ಎ, ಡಿಎಸ್-ಡಿಎನ್‌ಎ, (ಲೂಪಸ್‌ನಲ್ಲಿ ಕಾಣುವ ಆ್ಯಂಟಿಬಾಡಿ), ಸಿ3, ಸಿ4 (ರಕ್ತದ ರಕ್ಷಣಾ ಪ್ರೋಟೀನುಗಳು) ಎಲ್ಲಕ್ಕೂ ಅರ್ಥವಿದೆ.

ತೊಟ್ಟಿಲು:
ಎರಡನೇ ಮಗುವಿನ ಯೋಚನೆ ಇದ್ದರೆ ಟೆಸ್ಟ್ ಬೇಕಿರೋದು ಅಕ್ಕನಿಗೆ. ಹಳೇ ಎಎನ್‌ಎ ಪ್ರೊಫೈಲ್ ಹಾಳೆ ತೆಗೆದು ಎಸ್‌ಎಸ್‌-ಎ ಮತ್ತು ಎಸ್‌ಎಸ್‌-ಬಿ ಅನ್ನೋ ಎರಡು ಆ್ಯಂಟಿಬಾಡಿಗಳ ಸಾಲು ನೋಡಿ.

ಎಸ್‌ಎಸ್‌-ಎ, ಅಂದರೆ ಆ್ಯಂಟಿ-ರೋ, ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೆ ಹೋಗುತ್ತೆ. ಹುಟ್ಟಿದ ಮೇಲೆ ಕಣ್ಣಿನ ಸುತ್ತ ಕೆಂಪು ಬಳೆಯಂಥ ಗುಳ್ಳೆ ಬಂದರೆ 6-8 ತಿಂಗಳಲ್ಲಿ ತಾನೇ ಹೋಗುತ್ತೆ, ಯಾಕೆಂದರೆ ತಾಯಿಯ ಆ್ಯಂಟಿಬಾಡಿ ಅಷ್ಟರೊಳಗೆ ಖಾಲಿ. ಇದು ಮಗುವಿನ ಲೂಪಸ್ ಅಲ್ಲ. ಭಯ ಪಡಬೇಕಾದ್ದು ಹಾರ್ಟ್ ಬ್ಲಾಕ್‌ಗೆ (ಮಿಡಿತದ ವಿದ್ಯುತ್ ಸಂಕೇತಕ್ಕೆ ತಡೆ, ರಕ್ತನಾಳದ ಬ್ಲಾಕ್ ಅಲ್ಲ): ಆ್ಯಂಟಿ-ರೋ ಇರುವ ತಾಯಂದಿರ ಬಸಿರಲ್ಲಿ 100ಕ್ಕೆ ಸುಮಾರು 2. ಪೂರ್ತಿ ಬ್ಲಾಕ್ ಆದರೆ ವಾಪಸ್ ಬರಲ್ಲ, ಬಹಳ ಮಕ್ಕಳಿಗೆ ಪೇಸ್‌ಮೇಕರ್ ಬೇಕಾಗುತ್ತೆ. ಹೆಚ್ಚಾಗಿ ಕಾಣಿಸೋದು 18ರಿಂದ 26ನೇ ವಾರದೊಳಗೆ. ಆ ಅವಧಿಯಲ್ಲಿ ಗರ್ಭದ ಮಗುವಿನ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಮಾಮೂಲಿ ಸ್ಕ್ಯಾನ್ ಸಾಕಾಗಲ್ಲ.

ಮೈಕೋಫಿನೋಲೇಟ್ ಮಗುವಿನ ಅಂಗಾಂಗಕ್ಕೆ ಹಾನಿ. ಬಸಿರಾಗುವ ಕನಿಷ್ಠ 6 ವಾರ ಮೊದಲು ನಿಲ್ಲಬೇಕು, ಬದಲಿಗೆ ಸಾಮಾನ್ಯವಾಗಿ ಅಜಥಿಯೋಪ್ರಿನ್ ಕೊಡ್ತಾರೆ. ಆದರೆ ಅವಸರ ಬೇಡ. ಬಸಿರಿಗೆ ಮೊದಲು 6 ತಿಂಗಳಾದರೂ ರೋಗ ತಣ್ಣಗಿರಬೇಕು, ಹೊಸ ಮಾತ್ರೆ ಒಗ್ಗುತ್ತಾ ಅನ್ನೋದೂ ಆಗಲೇ ಗೊತ್ತಾಗುತ್ತೆ. ಬದಲಾವಣೆ ರುಮಟಾಲಜಿಸ್ಟ್ ಹೇಳಿದ ಮೇಲೆಯೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ನಿಲ್ಲಿಸಬಾರದು. ಬಸಿರು ಅಂತ ಗೊತ್ತಾದ ತಕ್ಷಣ ಮನೆಯವರು ಮೊದಲು ಬಿಡಿಸೋದು ಅದನ್ನೇ, ಆಮೇಲೆ ರೋಗ ಕೆರಳುತ್ತೆ. ಎದೆಹಾಲು ಕೊಡುವಾಗಲೂ ನಡೆಯುತ್ತೆ.

ಹೊಂಗೆನೆರಳು:
ಹಾಳೆ ಸಿಕ್ಕಿತು. ಎಸ್‌ಎಸ್‌-ಎ ಮುಂದೆ ಮೂರು ಪ್ಲಸ್ ಇದೆ. ರೋ-52 ಅಂತ ಬೇರೆ ಸಾಲೂ ಇದೆ, ಅದು ನೆಗೆಟಿವ್. ಅಕ್ಕ ಮದುವೆಯಾಗಿರೋದು ಸೋದರಮಾವನನ್ನ, ಅದರಿಂದ ತೊಂದರೆಯಾ?

ತೊಟ್ಟಿಲು:
ಎಸ್‌ಎಸ್‌-ಎ ಪಾಸಿಟಿವ್ ಇದ್ದರೆ ಎಕೋ ಬೇಕೇ ಬೇಕು, ರೋ-52 ನೆಗೆಟಿವ್ ಅಂತ ಬಿಡಬೇಡಿ. ಆ್ಯಂಟಿಫಾಸ್ಫೋಲಿಪಿಡ್ (ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿ) ಟೆಸ್ಟ್ ಆಗಿದೆಯಾ ನೋಡಿ, ಗರ್ಭಪಾತದ ಅಪಾಯ ಅದರಿಂದ ತಿಳಿಯುತ್ತೆ.

ಕೀಲುಮಾತು:
ಸಾಮಾನ್ಯ ಲೂಪಸ್ ಒಂದೇ ಜೀನಿನದ್ದಲ್ಲ. ಆದರೆ ಸಿ1ಕ್ಯೂ ಎಂಬ ರಕ್ಷಣಾ ಪ್ರೋಟೀನಿನ ಕೊರತೆ ಥರದ ಅಪರೂಪದ ಬಗೆಗಳು ತಂದೆತಾಯಿ ಇಬ್ಬರಿಂದಲೂ ದೋಷದ ಜೀನು ಬಂದಾಗಲೇ ಕಾಣಿಸ್ತವೆ, ಒಳಸಂಬಂಧದ ಮದುವೆಗಳಲ್ಲಿ ಜಾಸ್ತಿ. ಇಂಥ ಮನೆಯಲ್ಲಿ 5 ವರ್ಷದೊಳಗಿನ ಮಗುವಿಗೆ ಲೂಪಸ್ ಲಕ್ಷಣ ಬಂದರೆ ಸಿಎಚ್50 (ಇಂಥ ರಕ್ಷಣಾ ಪ್ರೋಟೀನುಗಳ ಕೆಲಸ ಅಳೆಯುವ ರಕ್ತ ಪರೀಕ್ಷೆ) ಮಾಡಿಸಲು ಕೇಳಿ. ನಿಮ್ಮ ಅಕ್ಕನ ಮಗಳಿಗೆ ಈಗ ಅದೂ ಬೇಡ.