ಎಡಗೈ ಲೇ-ಅಪ್‌ಗೆ ಹೆದರುವ ಹುಡುಗಿಗೆ ಧೈರ್ಯ ತುಂಬುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ತಂಡದ ತರಬೇತುದಾರ):
ನಮ್ಮ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಎರಡು ವರ್ಷಗಳಿಂದ 14 ವರ್ಷದೊಳಗಿನ ಬಾಲಕಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ತಂಡದಲ್ಲಿ ಎಲ್ಲರಿಗಿಂತ ಎತ್ತರವಾಗಿರುವ ಹುಡುಗಿಯೊಬ್ಬಳು ಎಡಭಾಗದಿಂದ ನುಗ್ಗುವಾಗಲೂ ಚೆಂಡನ್ನು ಬಲಗೈಗೇ ತಂದುಕೊಳ್ಳುವುದರಿಂದ ಎದುರಾಳಿಗಳು ಸುಲಭವಾಗಿ ತಡೆಯುತ್ತಾರೆ. ಎಡಗೈ ಲೇ-ಅಪ್ (ರಿಂಗ್ ಹತ್ತಿರಕ್ಕೆ ಓಡಿಬಂದು ಜಿಗಿದು ಒಂದು ಕೈಯಿಂದ ಚೆಂಡು ಹಾಕುವುದು) ಅಭ್ಯಾಸ ಶುರುವಾದೊಡನೆ ನೀರು ಕುಡಿಯುವ ನೆಪದಲ್ಲಿ ಸಾಲಿನ ಕೊನೆಗೆ ಸರಿಯುತ್ತಾಳೆ. ಕಾರಣ ಕೇಳಿದಾಗ, ‘ನೀವೇ ನನ್ನನ್ನು ಹುಟ್ಟು ಆಟಗಾರ್ತಿ ಅಂದಿದ್ದಿರಲ್ಲ ಸರ್, ಈಗ ತಪ್ಪಿದರೆ ಎಲ್ಲರೂ ನಗುತ್ತಾರೆ’ ಎಂದಳು. ಪ್ರೀತಿಯಿಂದ ಆಡಿದ ಮಾತೇ ಅವಳ ಕಾಲಿಗೆ ತೊಡರಿತೇ ಎಂಬ ಸಂಕಟ ನನ್ನನ್ನು ಕಾಡುತ್ತಿದೆ. ಇದನ್ನು ಸರಿಪಡಿಸುವ ಬಗೆ ಹೇಗೆ?

ಉತ್ತರ 1 (ದೈಹಿಕ ಶಿಕ್ಷಣ ಶಿಕ್ಷಕಿ):
ಸರ್, ತಮ್ಮ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಗಟು ಬಿಡಿಸಿದ ಐದನೇ ತರಗತಿಯ ಮಕ್ಕಳಲ್ಲಿ ಕೆಲವರ ಜಾಣತನವನ್ನೂ ಕೆಲವರ ಶ್ರಮವನ್ನೂ ಹೊಗಳಲಾಗಿತ್ತು. ಜಾಣರೆನಿಸಿಕೊಂಡವರಲ್ಲಿ ಹೆಚ್ಚಿನವರು ಆಮೇಲೆ ತಮಗೆ ಸುಲಭವಾದುದನ್ನೇ ಆರಿಸಿಕೊಂಡರು, ಶ್ರಮಕ್ಕೆ ಹೊಗಳಿಕೆ ಪಡೆದವರಲ್ಲಿ ಹೆಚ್ಚಿನವರು ಹೊಸದನ್ನು ಕಲಿಸುವ ಕಷ್ಟದ ಒಗಟನ್ನು ಬಯಸಿದರು. ಆದ್ದರಿಂದ ‘ಹುಟ್ಟು ಆಟಗಾರ್ತಿ’ ಎಂಬ ಬಿರುದನ್ನು ಇಂದೇ ಕೈಬಿಡಿ, ಮತ್ತು ಹಾಗೆ ಅಂದದ್ದು ನನ್ನ ತಪ್ಪು ಎಂದು ಅವಳಿಗೆ ನೇರವಾಗಿ ಹೇಳಿ. ಶಿಕ್ಷಕರು ತಪ್ಪು ಒಪ್ಪಿಕೊಳ್ಳುವುದನ್ನು ಕಂಡ ಮಕ್ಕಳಿಗೆ ತಪ್ಪಿನ ಭಯ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಉತ್ತರ 2 (ಬೆಂಗಳೂರಿನ ಕ್ಲಬ್ ತರಬೇತುದಾರ):
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೊಗಳಿಕೆಯ ಮಾತು ಬದಲಾದ ಮಾತ್ರಕ್ಕೆ ಲೇ-ಅಪ್ ಬರುವುದಿಲ್ಲ. ಇಂತಹ ಪ್ರಯೋಗಗಳ ಪರಿಣಾಮ ಮೊದಲು ಭಾವಿಸಿದಷ್ಟು ದೊಡ್ಡದಲ್ಲವೆಂದು ನಂತರದ ವಿಶ್ಲೇಷಣೆಗಳೂ ತೋರಿಸಿವೆ. ‘ಪ್ರಯತ್ನಿಸು, ಪ್ರಯತ್ನಿಸು’ ಎಂದು ಬೆನ್ನು ತಟ್ಟುತ್ತಾ, ಎಲ್ಲಿ ಎಡವುತ್ತಿದ್ದಾಳೆಂದು ಹೇಳಿಕೊಡದಿದ್ದರೆ ಮಗು ಇನ್ನಷ್ಟು ಕುಗ್ಗುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು) ಬೇಡ. ರಿಂಗ್ ಹಿಂದಿನ ಬೋರ್ಡ್‌ನ ಎಡಪಕ್ಕದಲ್ಲಿ ಒಂದೇ ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಬಲಗಾಲು ಊರಿ, ಎಡಮೊಣಕಾಲನ್ನು ಎತ್ತಿ ಜಿಗಿದು, ಎಡಗೈಯಿಂದ ಚೆಂಡನ್ನು ಬೋರ್ಡ್‌ನಲ್ಲಿ ಬರೆದ ಚೌಕದ ಮೇಲಿನ ಮೂಲೆಗೆ ತಾಗಿಸಲು ಹೇಳುತ್ತೇನೆ. ಇದು ಕೂಡಿಬಂದ ಮೇಲೆ ಎಡ-ಬಲ ಎಂಬ ಎರಡು ಹೆಜ್ಜೆ, ಕೊನೆಗೆ ಡ್ರಿಬಲ್. ಈ ಹಂತದಲ್ಲಿ ಬಾಲಕಿಯರು ಆಡುವ 6ನೇ ಅಳತೆಯ ಚೆಂಡಿನ ಬದಲು ಅದಕ್ಕಿಂತ ಚಿಕ್ಕದಾದ 5ನೇ ಅಳತೆಯದನ್ನು ಕೊಟ್ಟರೆ ಎಡಗೈಗೆ ಹಿಡಿತ ಸಿಗುತ್ತದೆ. ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರಿಂಗ್ 3.05 ಮೀಟರ್ ಬದಲು 2.60 ಮೀಟರ್ ಎತ್ತರದಲ್ಲಿರುವುದೂ ಹೀಗೆ ಮಕ್ಕಳಿಗೆ ಸುಲಭವಾಗಲೆಂದೇ.

ಮುಖ್ಯವಾಗಿ, ಚೆಂಡು ರಿಂಗ್‌ಗೆ ಬೀಳದಿದ್ದರೂ ಕಾಲು ಸರಿಯಿದ್ದರೆ ಒಂದು ಅಂಕ ಬರೆದುಕೊಳ್ಳಿ. ‘ಬಲಗಾಲಿನಿಂದಲೇ ಜಿಗಿದೆ, ಆದರೆ ಚೆಂಡು ಬೇಗ ಕೈಬಿಟ್ಟಿತು’ ಎಂಬ ಮಾತಿನಲ್ಲಿ ಮೆಚ್ಚುಗೆಯೂ ಇದೆ, ಮುಂದಿನ ಕೆಲಸವೂ ಇದೆ.

ಉತ್ತರ 3 (ಆಟಗಾರ್ತಿಯೊಬ್ಬಳ ತಾಯಿ):
ನಗುವವರ ವಿಷಯವನ್ನು ಯಾರೂ ಮುಟ್ಟಲಿಲ್ಲ. ಅವಳೊಬ್ಬಳನ್ನೇ ತಿದ್ದಿದರೆ ಸಾಲದು. ನನ್ನ ಮಗಳ ತಂಡದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಎಲ್ಲರೂ ಎಡಗೈಯಿಂದಲೇ ಗೋಲು ಹಾಕಬೇಕೆಂಬ ನಿಯಮವಿತ್ತು, ತರಬೇತುದಾರರೂ ಸೇರಿಕೊಂಡು ತಪ್ಪುತ್ತಿದ್ದರು. ಎಲ್ಲರೂ ತಪ್ಪುವ ಜಾಗದಲ್ಲಿ ಒಬ್ಬಳನ್ನು ನೋಡಿ ನಗಲು ಯಾರಿಗೂ ಬಾಯಿ ಬರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅವಳಲ್ಲಿ ಕ್ಷಮೆ ಕೇಳಿದೆ, ಒಂದು ಹೆಜ್ಜೆಯ ಅಭ್ಯಾಸವನ್ನೂ ಆರಂಭಿಸಿದೆ. ಹತ್ತರಲ್ಲಿ ಆರು ಬಾರಿ ಕಾಲು ಸರಿಬಂತು, ಚೆಂಡು ಒಳಗೆ ಬಿದ್ದದ್ದು ಒಮ್ಮೆ ಮಾತ್ರ. ಸಾಲಿನ ಕೊನೆಗೆ ಹೋಗಲಿಲ್ಲ.