ಪದಚರ್ಚೆ: ಬ್ಲೋಟ್‌ವೇರ್‌ಗೆ ‘ಹೇರುತಂತ್ರಾಂಶ’ ಆದೀತೇ?

ಸ್ನೇಹಿತರೇ,

ಹೊಸ ಫೋನು, ಲ್ಯಾಪ್‌ಟಾಪುಗಳಲ್ಲಿ ನಾವು ಕೇಳದೆಯೇ ಬಂದು ಕೂತಿರುವ ಆಟ, ಸುದ್ದಿ, ಶಾಪಿಂಗ್ ಆ್ಯಪ್‌ಗಳಿಗೆ, ಅಂದರೆ ಬ್ಲೋಟ್‌ವೇರ್‌ಗೆ, ಕನ್ನಡದ ಪದ ಬೇಕಾಗಿದೆ. ‘ಪೂರ್ವಸ್ಥಾಪಿತ ತಂತ್ರಾಂಶ’ ಸಾಲದು. ಕ್ಯಾಮೆರಾ, ಕರೆ ಮಾಡುವ ಆ್ಯಪ್ ಕೂಡ ಪೂರ್ವಸ್ಥಾಪಿತವೇ. ‘ಕುತಂತ್ರಾಂಶ’ ಹಾನಿ ಮಾಡಲೆಂದೇ ಬರೆದ ತಂತ್ರಾಂಶಕ್ಕೆ, ಅಂದರೆ ಮಾಲ್‌ವೇರ್‌ಗೆ ಸಂದುಹೋಗಿದೆ. ‘ಉಬ್ಬುತಂತ್ರಾಂಶ’ ಇಂಗ್ಲಿಷಿಗೆ ಹತ್ತಿರವೇನೋ ಹೌದು, ಆದರೆ ಬ್ಲೋಟ್‌ವೇರ್‌ನ ಹಳೆಯ ಅರ್ಥ ಆವೃತ್ತಿಯಿಂದ ಆವೃತ್ತಿಗೆ ತಾನೇ ದಪ್ಪಗಾಗುವ ತಂತ್ರಾಂಶ. ಅದನ್ನು ಆ ಅರ್ಥಕ್ಕೇ ಉಳಿಸಿಕೊಳ್ಳೋಣ.

ಹೊಲದಲ್ಲಿ ಬೇಡದೆ ಬೆಳೆದು, ಕಿತ್ತರೂ ಮತ್ತೆ ಚಿಗುರುವ ‘ಕಳೆ’ಯ ಹೆಸರನ್ನೇ ಇಡೋಣ ಎಂಬ ಸಲಹೆಯೂ ಇದೆ. ಅದು ಚೆನ್ನಾಗಿದೆ, ಆಂಡ್ರಾಯ್ಡ್ ಮಟ್ಟಿಗಂತೂ. ಫೋನಿನ ಮೂಲ ತಂತ್ರಾಂಶ ಕೂತಿರುವ ಭಾಗ, ಅಂದರೆ ಸಿಸ್ಟಮ್ ಪಾರ್ಟಿಷನ್, ಓದಲಿಕ್ಕಷ್ಟೇ ತೆರೆದಿರುತ್ತದೆ. ಅಲ್ಲಿಟ್ಟ ಆ್ಯಪ್‌ಗೆ ‘ಅಪ್‌ಡೇಟ್ ಅನ್‌ಇನ್‌ಸ್ಟಾಲ್’ ಒತ್ತಿದರೆ ಆಮೇಲೆ ಬಂದ ಅಪ್‌ಡೇಟ್‌ಗಳಷ್ಟೇ ಹೋಗುತ್ತವೆ, ಕಾರ್ಖಾನೆಯಲ್ಲಿ ಹಾಕಿದ ಪ್ರತಿ ಹಾಗೇ ಇರುತ್ತದೆ. ‘ನಿಷ್ಕ್ರಿಯಗೊಳಿಸಿ’ ಒತ್ತಿದರೆ ಓಡುವುದು ನಿಲ್ಲುತ್ತದೆ, ಚಿಹ್ನೆ ಮರೆಯಾಗುತ್ತದೆ, ಆ ಮೂಲ ಪ್ರತಿ ಹಿಡಿದ ಜಾಗ ಮಾತ್ರ ಬಿಡುಗಡೆಯಾಗದು. ಯುಎಸ್‌ಬಿ ಡೀಬಗಿಂಗ್ ಎಂಬ ಸೆಟ್ಟಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಎಂಬ ಸಲಕರಣೆಯ ಮೂಲಕ ‘ಯೂಸರ್ 0’ಗೆ (ಫೋನಿನ ಮೊದಲ ಬಳಕೆದಾರನಿಗೆ) ತೆಗೆದರೂ ಆ ಬಳಕೆದಾರನ ಮಟ್ಟಿಗೆ ಮಾತ್ರ ಹೋದಂತೆ. ಫ್ಯಾಕ್ಟರಿ ರೀಸೆಟ್ ಆದೊಡನೆ ಗರಿಕೆಯಂತೆ ಮತ್ತೆ ಚಿಗುರುತ್ತದೆ. ಹಾಗಾಗಿ ಇಲ್ಲಿ ‘ಕಿತ್ತುಹಾಕು’ ಎಂದು ಬರೆಯುವುದೂ ತಪ್ಪು. ‘ಅಡಗಿಸು’, ‘ನಿಲ್ಲಿಸು’ ಸರಿ. ವಿಂಡೋಸ್‌ನಲ್ಲಾದರೆ ಕೆಲವು ದಿನ ಮಾತ್ರ ಉಚಿತವಾಗಿರುವ (ಟ್ರಯಲ್) ಆ್ಯಂಟಿವೈರಸ್‌ನಂಥವನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ನಿಜಕ್ಕೂ ಕೀಳಬಹುದು.

ಆದರೆ ಕಳೆ ತಾನಾಗಿ ಹುಟ್ಟುವಂಥದ್ದು. ಇದನ್ನು ಒಬ್ಬರು ಬೇಕೆಂದೇ ಬಿತ್ತಿದ್ದಾರೆ. ಆ ಕರ್ತೃ ಪದದಲ್ಲಿ ಕಾಣಬೇಕು ಎಂಬುದು ನನ್ನ ಪಟ್ಟು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್ ವಿರುದ್ಧದ ಆದೇಶದಲ್ಲಿ ತಪ್ಪೆಂದದ್ದೂ ಇದನ್ನೇ: ಫೋನ್ ಕಂಪನಿಗಳು ಆ್ಯಪ್‌ಗಳ ಇಡೀ ಕಟ್ಟನ್ನು ಹಾಕಲೇಬೇಕು, ಕೊಂಡವರು ತೆಗೆಯುವಂತಿಲ್ಲ ಎಂಬ ಸ್ಥಿತಿ. ಕನ್ನಡದಲ್ಲಿ ಇದಕ್ಕೆ ಒಂದೇ ಮಾತು, ಹೇರಿಕೆ.

‘ಹೇರು’ ಕ್ರಿಯಾಪದವಾದರೆ ಒತ್ತಾಯದಿಂದ ಹೊರಿಸುವುದು. ನಾಮಪದವಾದರೆ ಎತ್ತಿನ ಬೆನ್ನಿನ ಹೊರೆ. ಆ್ಯಪ್ ಹಿನ್ನೆಲೆಯಲ್ಲಿ ಓಡಿ ರ್‍ಯಾಮ್, ಬ್ಯಾಟರಿ ತಿನ್ನುವ ಭಾರವೂ ಇದರಲ್ಲೇ ಬಂತು. ಧಾತುವಿಗೆ ನೇರ ನಾಮಪದ ಸೇರುವುದು ‘ಕಡೆಗೋಲು’, ‘ಹುರಿಗಡಲೆ’ಗಳಲ್ಲಿ ಇದ್ದದ್ದೇ.

ನನ್ನ ಅನುಮಾನ ಎರಡು. ‘ಹೇರುತಂತ್ರಾಂಶ’ ಅರಿಸಮಾಸವಾಗಿ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆತ ಸಮಾಸವಾಗಿ) ಕಿವಿಗೆ ಒರಟೇ? ‘ಹೇರಿಕೆ ಆ್ಯಪ್’ ಎಂದು ಬಿಡಿಸಿ ಬರೆದರೆ ಮೇಲೇ? ಇನ್ನು, ‘ಒಂದು ಹೇರು ಜೋಳ’ ಎಂಬಂಥ ನಾಮಪದ ಬಳಕೆ ನಿಮ್ಮ ಕಡೆ ಈಗಲೂ ಮಾತಿನಲ್ಲಿದೆಯೇ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.